ಬಿಎಸ್‌ಸಿಸ್ಕ್ಯಾನ್: ಹೊಸ ಟೋಕನ್ನಿನ ತಳಕ್ಕೆ ಕೈ ಹಾಕಿ ನೋಡಿದ್ದು

ವಿಜಯಪುರದಲ್ಲಿ ಮಣೂಕ, ಅಂದರೆ ಒಣದ್ರಾಕ್ಷಿಯ ಅಡತಿ ಅಂಗಡಿಯೊಂದರ ಲೆಕ್ಕ ಬರೆಯುವುದು ನನ್ನ ಕೆಲಸ. ಬಾಕ್ಸ್ ಬಂದರೆ ನಮ್ಮ ಸಾಹುಕಾರರು ಮೇಲಿನ ಹಣ್ಣಿನ ಮೇಲೆ ಕಣ್ಣು ಸಹ ಹಾಯಿಸುವುದಿಲ್ಲ. ತೋಳು ಮಡಚಿ, ಕೈ ತಳಕ್ಕಿಳಿಸಿ, ಕೆಳಗಿನದೊಂದು ಮುಷ್ಟಿ ಎತ್ತಿ ನೋಡುತ್ತಾರೆ. ಇದನ್ನು ದಿನಾ ಎದುರಿಗೆ ಕೂತು ನೋಡುವ ನಾನೇ 2021ರಲ್ಲಿ ನಾಯಿ ಚಿತ್ರದ ಒಂದು ಕ್ರಿಪ್ಟೊ ಟೋಕನ್ನಿಗೆ 18 ಸಾವಿರ ಹಾಕಿದೆ. ಕೊಳ್ಳಲು ಬಂತು, ಮಾರಲು ಬರಲಿಲ್ಲ. ಬಿಎಸ್‌ಸಿಸ್ಕ್ಯಾನ್ ಎಂಬ ವೆಬ್‌ಸೈಟೊಂದಿದೆ ಎಂದು ತಿಳಿದದ್ದು ಆಮೇಲೆ, ರಾತ್ರಿ ನಿದ್ದೆ ಬಾರದೆ ಮೊಬೈಲು ಕೆದಕುವಾಗ.

ಇದು ಬಿಎನ್‌ಬಿ ಸ್ಮಾರ್ಟ್ ಚೈನ್ ಎಂಬ ಬ್ಲಾಕ್‌ಚೈನಿನ ಮೇಲೆ ನಡೆಯುವ ಎಲ್ಲ ವ್ಯವಹಾರದ ಕಿರ್ದಿ. ಈಥೀರಿಯಂ ಚೈನಿಗೆ ಇಂಥದೇ ಕಿರ್ದಿಯಾದ ಈಥರ್‌ಸ್ಕ್ಯಾನ್ ಕಟ್ಟಿದ ತಂಡದ್ದೇ. ನೋಡುವುದಕ್ಕೆ ದುಡ್ಡಿಲ್ಲ, ಲಾಗಿನ್ ಬೇಕಿಲ್ಲ. ನಮ್ಮ ಅಂಗಡಿಯ ಕಿರ್ದಿಯನ್ನು ನಾನು ಯಾರಿಗೂ ಹೀಗೆ ಬಿಚ್ಚಿ ತೋರಿಸುವುದಿಲ್ಲ, ಆ ಮಾತು ಬೇರೆ.

ಇದಕ್ಕೆ ನಿಜವಾದ ಪರೀಕ್ಷೆ ಬಂದದ್ದು ಕಳೆದ ಸುಗ್ಗಿ ಮುಗಿದ ಮೇಲೆ. ತಿಕೋಟಾದಲ್ಲಿ ದ್ರಾಕ್ಷಿ ಬೆಳೆಯುವ ಅಣ್ಣನ ಮಗ ಅಂಗಡಿಗೆ ಬಂದ. ಮಣೂಕ ಮಾರಿದ ದುಡ್ಡಿನಲ್ಲಿ ಒಂದೂವರೆ ಲಕ್ಷ ಒಂದು ಹೊಸ ಟೋಕನ್ನಿಗೆ ಹಾಕಬೇಕಂತೆ.

"ಕಾಕಾ, ಈಗ 4 ರೂಪಾಯಿ, ಲಿಸ್ಟಿಂಗ್ ಆಗಿ ಮಾರಾಟಕ್ಕ ಬಂದ ದಿನ 40 ಆಕ್ಕೈತಿ. ಆಡಿಟ್ ಆಗೈತಿ, ಲಿಕ್ವಿಡಿಟಿ ಲಾಕ್ ಆಗೈತಿ. ಊರಾಗಿನ ಮಂದಿ ಎಲ್ಲಾ ಹಾಕ್ಯಾರ."

"ರೊಕ್ಕ ಹ್ಯಾಂಗ ಕೊಡೂದು?"

"ಫೋನ್‌ಪೇ. ಸರ್ ಅವರ ನಂಬರಿಗೆ."

ನನಗೆ ಅಲ್ಲಿಗೇ ಸಾಕಿತ್ತು. ಕಂಪನಿಯ ಖಾತೆಗಲ್ಲ, ಒಬ್ಬನ ಸ್ವಂತ ನಂಬರಿಗೆ. ಆದರೆ ಇಪ್ಪತ್ತಾರರ ಹುಡುಗನಿಗೆ ಕಾಕಾನ ಮಾತಿಗಿಂತ ಮೊಬೈಲಿನ ಪರದೆ ದೊಡ್ಡದು. ಅಂಗಡಿ ಬಾಗಿಲು ಅರ್ಧ ಎಳೆದು ಕೂತೆವು.

ಮೊದಲ ಪಾಠ ಹುಡುಕುವಲ್ಲೇ ಆಯಿತು. ಟೋಕನ್ನಿನ ಹೆಸರು ಹೊಡೆದರೆ ಅದೇ ಹೆಸರಿನವು ಏಳೆಂಟು ಬಂದವು. ಹೆಸರು ಯಾರು ಬೇಕಾದರೂ ಇಟ್ಟುಕೊಳ್ಳಬಹುದು, ತಡೆಯುವವರಿಲ್ಲ. ಬೇಕಾದದ್ದು 0x ಇಂದ ಶುರುವಾಗುವ 42 ಅಕ್ಷರದ ಕಾಂಟ್ರ್ಯಾಕ್ಟ್ ವಿಳಾಸ, ಅಂದರೆ ಟೋಕನ್ ನಡೆಸುವ ಕೋಡು ಚೈನಿನ ಮೇಲೆ ಕೂತ ಜಾಗದ ಗುರುತು. ಅದನ್ನು ಟೋಕನ್ ಮಾರುವವರ ಗ್ರೂಪಿನಲ್ಲಿ ಕೇಳು ಎಂದೆ. ಕೊಡಲು ಅವರು ಮುಕ್ಕಾಲು ಗಂಟೆ ತೆಗೆದುಕೊಂಡರು. ಕೊಟ್ಟರಲ್ಲ, ಅದೇ ಪುಣ್ಯ.

ವಿಳಾಸ ಹಾಕಿದೆವು. ಟೋಕನ್ ಹುಟ್ಟಿ ಆರು ದಿನ. ಗ್ರೂಪಿನಲ್ಲಿ ಹೇಳುತ್ತಿದ್ದದ್ದು 'ಎರಡು ವರ್ಷದ ಪ್ರಾಜೆಕ್ಟು'. ಹೋಲ್ಡರ್ಸ್ ಎಂಬ ಪಟ್ಟಿ ತೆರೆದರೆ ಯಾರ ಹತ್ತಿರ ಎಷ್ಟು ಪಾಲಿದೆ ಎಂದು ದೊಡ್ಡದರಿಂದ ಸಣ್ಣದಕ್ಕೆ ಇಳಿಯುತ್ತದೆ. ಮೊದಲನೆಯ ವಿಳಾಸದಲ್ಲೇ ನೂರಕ್ಕೆ 71. ಅದರ ಕೆಳಗೆ ಸರಿಯಾಗಿ ನೂರಕ್ಕೆ 2ರಂತೆ ಹನ್ನೊಂದು ವಿಳಾಸ. ಹುಡುಗ ಅವನ್ನು ನೋಡಿ, "ಬ್ಯಾರೆ ಬ್ಯಾರೆ ಮಂದಿ ಅದಾರಲ್ಲ ಕಾಕಾ" ಅಂದ. ಒಂದೊಂದನ್ನೇ ಒತ್ತಿ ತೋರಿಸಿದೆ. ಹನ್ನೊಂದಕ್ಕೂ ಮೊದಲ ಬಿಎನ್‌ಬಿ (ಈ ಚೈನಿನ ಸ್ವಂತ ನಾಣ್ಯ) ಬಂದದ್ದು ಒಂದೇ ವಾಲೆಟ್ಟಿನಿಂದ, ಒಂದೇ ಸಂಜೆ, ಹತ್ತು ನಿಮಿಷದೊಳಗೆ. ಒಬ್ಬನೇ ಹನ್ನೊಂದು ರುಮಾಲು ಬದಲಿಸಿ ಹರಾಜಿನ ಸವಾಲಿಗೆ ನಿಂತಂತೆ. ಈ ಪಟ್ಟಿಯೊಂದಕ್ಕೇ ನಾನು ಪೂರ್ತಿ ಸ್ಟಾರ್ ಕೊಡುತ್ತೇನೆ.

ಕಾಂಟ್ರ್ಯಾಕ್ಟ್ ಎಂಬಲ್ಲಿ ಹಸಿರು ಟಿಕ್ ಇತ್ತು. ಗ್ರೂಪಿನವರು 'ಆಡಿಟ್' ಅನ್ನುತ್ತಿದ್ದದ್ದು ಇದನ್ನೇ! ಕೋಡನ್ನು ಬಹಿರಂಗ ಮಾಡಿದ್ದಾರೆ, ಚೈನಿನ ಮೇಲೆ ಓಡುತ್ತಿರುವುದೂ ಅದೇ ಕೋಡು ಎಂಬುದಷ್ಟೇ ಆ ಟಿಕ್ಕಿನ ಅರ್ಥ. ಕಳ್ಳ ತನ್ನ ಕೀಲಿಗೊಂಚಲನ್ನು ಮೇಜಿನ ಮೇಲಿಟ್ಟರೂ ಟಿಕ್ ಬರುತ್ತದೆ. ನನಗೆ ಕೋಡು ಓದಲು ಬರುವುದಿಲ್ಲ, ಆದರೆ ಒಳಗೆ ಮಿಂಟ್, ಬ್ಲ್ಯಾಕ್‌ಲಿಸ್ಟ್ ಎಂಬ ಪದ ಹುಡುಕಲು ಬರುತ್ತದೆ. ಎರಡೂ ಇದ್ದವು, ಎರಡೂ ಒಡೆಯನ ಕೈಯಲ್ಲೇ. ಬೇಕೆನಿಸಿದಾಗ ಹೊಸ ಟೋಕನ್ ಹುಟ್ಟಿಸಬಹುದು, ಬೇಡವಾದವನು ಮಾರದಂತೆ ತಡೆಯಬಹುದು.

ಇನ್ನು ಲಿಕ್ವಿಡಿಟಿ ಲಾಕ್. ಮಾರುವವರು ಕೊಳ್ಳುವವರು ಬಂದು ಸೇರುವ ಹಣದ ಕೊಳ ಅದು. ಮಾಡಿದವನೇ ಅದನ್ನು ಬರಿದು ಮಾಡಿ ಓಡದಿರಲಿ ಎಂದು ಬೀಗ ಹಾಕುವುದು. ಈ ಟೋಕನ್ನಿಗೆ ಕೊಳವೇ ಇರಲಿಲ್ಲ. ತೋಡದ ಬಾವಿಗೆ ಬೀಗ.

ನನ್ನ ನಾಯಿ ಟೋಕನ್ನನ್ನೂ ಆ ರಾತ್ರಿ ಅವನಿಗೆ ತೋರಿಸಿದೆ. ನಾಚಿಕೆಯಾಯಿತು, ಆದರೂ ತೋರಿಸಿದೆ. ಅದರ ವಹಿವಾಟಿನ ಪಟ್ಟಿಯಲ್ಲಿ ಸಾಲುಸಾಲು ಕೊಂಡವರು, ಮಾರಿದವರು ಎರಡೇ ವಿಳಾಸ. ಅದೇ ಕಾಲಕ್ಕೆ ಇದೇ ಚೈನಿನ ಮೇಲೆ ಜಗತ್ತಿಗೆಲ್ಲ ಸುದ್ದಿಯಾದದ್ದು ಸ್ಕ್ವಿಡ್ ಟೋಕನ್. 2021ರ ನವೆಂಬರ್ 1ರಂದು 2,861 ಡಾಲರಿಗೆ ಏರಿ, ನಿಮಿಷಗಳಲ್ಲಿ ಒಂದು ಸೆಂಟಿಗೂ ಕೆಳಗೆ ಬಿತ್ತು. ಏರುವಷ್ಟು ದಿನವೂ ಕೊಂಡವರು 'ಮಾರಲು ಆಗುತ್ತಿಲ್ಲ' ಎಂದು ಕೂಗುತ್ತಿದ್ದರು. ಮಾಡಿದವರು 30 ಲಕ್ಷ ಡಾಲರಿಗೂ ಹೆಚ್ಚು ಹೊತ್ತು ಹೋದರು. ಮಾರುವವರೇ ಇಲ್ಲದಿದ್ದರೆ ಬೆಲೆ ಏರದೆ ಏನು ಮಾಡೀತು?

ಬಿಎಸ್‌ಸಿಸ್ಕ್ಯಾನಿನ ಮಿತಿಯನ್ನೂ ಹೇಳಬೇಕು. ಪರದೆಯ ತುಂಬ ಇಂಗ್ಲಿಷು, ಮೊಬೈಲಿನಲ್ಲಿ ಸಣ್ಣ ಅಕ್ಷರ, ನನ್ನ ವಯಸ್ಸಿನವರಿಗೆ ಕಂಪ್ಯೂಟರೇ ವಾಸಿ. ಟೋಕನ್ ಮಾಡಿದ ಮನುಷ್ಯರ ಮುಖ ಇಲ್ಲಿ ಕಾಣುವುದಿಲ್ಲ. ಅವರ ಫೋಟೊ ಎಲ್ಲಿಂದ ಎತ್ತಿದ್ದೆಂದು ಗೂಗಲ್ಲಿನಲ್ಲೇ ಚಿತ್ರ ಹಾಕಿ ಹುಡುಕಬೇಕು. ಎಲ್ಲ ಚೊಕ್ಕಟ ಕಂಡರೂ ನಾಳೆ ದೊಡ್ಡ ಪಾಲಿನವನು ಸುರಿದು ಹೋಗಬಹುದು. ಮತ್ತೆ, ಚೈನೇ ಇಲ್ಲದ ಕಾಯಿನ್ನಿಗೆ ಈ ಕಿರ್ದಿ ಏನೂ ಮಾಡಲಾರದು. 2014ರಲ್ಲಿ ಬಲ್ಗೇರಿಯಾದಿಂದ ಶುರುವಾದ ಒನ್‌ಕಾಯಿನ್ ಹಾಗಿತ್ತು. ಹೆಸರು ಕಾಯಿನ್, ಹಿಂದೆ ನಿಜವಾದ ಬ್ಲಾಕ್‌ಚೈನ್ ಇರಲಿಲ್ಲ. ಅದರ ಒಡತಿ ರುಜಾ ಇಗ್ನಾಟೋವಾ 2017ರ ಅಕ್ಟೋಬರಿನಲ್ಲಿ ಕಾಣೆಯಾದವಳು. 2022ರಲ್ಲಿ ಅಮೆರಿಕದ ಎಫ್‌ಬಿಐ ತನ್ನ ಹತ್ತು ಮಂದಿ 'ಮೋಸ್ಟ್ ವಾಂಟೆಡ್' ಪಟ್ಟಿಗೆ ಅವಳನ್ನು ಸೇರಿಸಿತು. ಹಾಗಾಗಿ ನಾನೀಗ ಮೊದಲು ಕೇಳುವುದು, "ಯಾವ ಚೈನು, ವಿಳಾಸ ಕೊಡ್ರಿ." 'ನಮ್ಮದೇ ಸ್ವಂತ ಚೈನು, ಆ್ಯಪಿನಲ್ಲೇ ನೋಡ್ರಿ' ಎಂದರೆ ಚಹಾ ಕುಡಿದು ಎದ್ದು ಬರುತ್ತೇನೆ.

ಲೆಕ್ಕದವನಾಗಿ ಇನ್ನೊಂದು ಮಾತು. 2022ರ ಏಪ್ರಿಲ್ 1ರಿಂದ ಕ್ರಿಪ್ಟೊ ಲಾಭಕ್ಕೆ ನೂರಕ್ಕೆ 30 ತೆರಿಗೆ, ಒಂದು ಟೋಕನ್ನಿನ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಅಣ್ಣನ ಮಗನಿಗೆ ಇದು ಗೊತ್ತೇ ಇರಲಿಲ್ಲ. 40 ರೂಪಾಯಿಯನ್ನು ಪೂರ್ತಿ ಎಣಿಸಿಕೊಂಡು ಕೂತಿದ್ದ.

ಅವನು ಅಲ್ಲೇ ಕೂತು ಗ್ರೂಪಿನಲ್ಲಿ ಹೋಲ್ಡರ್ಸ್ ಪಟ್ಟಿಯ ಚಿತ್ರ ಹಾಕಿ, "ಸರ್, 71 ಪರ್ಸೆಂಟ್ ಯಾರದು?" ಎಂದು ಕೇಳಿದ. ಎರಡು ನಿಮಿಷಕ್ಕೆ ಅವನನ್ನು ಗ್ರೂಪಿನಿಂದ ತೆಗೆದರು. ಆಗಲೇ ದುಡ್ಡು ಕೊಟ್ಟಿದ್ದ ಅವನ ಗೆಳೆಯನಿಗೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಹಚ್ಚಲು ಹೇಳಿದೆ; ತಡವಾದಷ್ಟೂ ದುಡ್ಡು ಖಾತೆಯಿಂದ ಖಾತೆಗೆ ಹಾರುತ್ತದೆ. ಅವನು "ಲಿಸ್ಟಿಂಗ್ ಆಗ್ಲಿ, ನೋಡೂಣು" ಅಂದನಂತೆ.

ನನ್ನ ಕಡೆಯಿಂದ ಐದಕ್ಕೆ ನಾಲ್ಕು ಸ್ಟಾರ್. ಕನ್ನಡ ಬಂದರೆ ಇನ್ನೊಂದು. ಒಂದೂವರೆ ಲಕ್ಷದಲ್ಲಿ ತಿಕೋಟಾದಲ್ಲಿ ಒಣಗಿಸುವ ಶೆಡ್ಡಿಗೆ ಹೊಸ ಜಾಳಿಗೆ ಬಂದಿದೆ. ನನ್ನ ನಾಯಿ ಟೋಕನ್ ವಾಲೆಟ್ಟಿನಲ್ಲಿ ಈಗಲೂ ಇದೆ. ಇವತ್ತಿನ ಬೆಲೆ 2 ಲಕ್ಷ 14 ಸಾವಿರ ಎಂದು ತೋರಿಸುತ್ತಿದೆ.