ಬಿಪಿಎಲ್ ಕಾರ್ಡು, ಗೃಹಲಕ್ಷ್ಮಿ, ಶಕ್ತಿ: ಬಡವರಿಗೆ ನೆರವು ತಲುಪಿಸುವ ಮೂರು ಕ್ರಮಗಳು

ನಮ್ಮ ಬೀದಿಯ ಹಲವು ಮನೆಯವರಿಗೆ ಅರ್ಜಿ ತುಂಬಿಕೊಡುತ್ತಾ, ಅವರೊಂದಿಗೆ ಕಚೇರಿಗಳಿಗೆ ಓಡಾಡುತ್ತಾ ಈ ಮೂರು ವ್ಯವಸ್ಥೆಗಳನ್ನೂ ನಾನು ಹತ್ತಿರದಿಂದ ಕಂಡಿದ್ದೇನೆ. ಅವುಗಳಲ್ಲಿ ಅತಿ ಕಠಿಣವಾಗಿ ಸೋಸುವ ಬಿಪಿಎಲ್ ಕಾರ್ಡೇ ನಿಜವಾದ ಬಡವರನ್ನು ಹೆಚ್ಚಾಗಿ ಹೊರಗಿಡುತ್ತದೆ ಎಂಬುದು ನನ್ನ ಅನುಭವ.

ಬಿಪಿಎಲ್ ಕಾರ್ಡಿಗೆ ಕುಟುಂಬದ ವಾರ್ಷಿಕ ಆದಾಯ 1.2 ಲಕ್ಷ ರೂಪಾಯಿ ಮೀರಬಾರದು, ಅಂದರೆ ತಿಂಗಳಿಗೆ 10,000. ಗಂಡ ಗಾರೆ ಕೆಲಸಕ್ಕೆ, ಹೆಂಡತಿ ಮನೆಗೆಲಸಕ್ಕೆ ಹೋದರೆ ಈ ಮಿತಿ ಸುಲಭವಾಗಿ ದಾಟುತ್ತದೆ. ಅದೇ ಲೆಕ್ಕಪತ್ರವಿಲ್ಲದೆ ಬಡ್ಡಿ ವ್ಯವಹಾರ ನಡೆಸುವವರ ಆದಾಯ ಕಾಗದದಲ್ಲಿ ಮಿತಿಯೊಳಗೇ ಉಳಿಯುತ್ತದೆ. ಕೂಲಿಯವರ ಬಳಿ ಸಂಬಳದ ಚೀಟಿ ಇಲ್ಲದ ಕಾರಣ, ಆದಾಯ ಪ್ರಮಾಣಪತ್ರದಲ್ಲಿ ನಮೂದಾಗುವುದು ಬಹುಮಟ್ಟಿಗೆ ಅಧಿಕಾರಿಯ ಅಂದಾಜು. ಇದಲ್ಲದೆ, 2013ರ ಆಹಾರ ಭದ್ರತಾ ಕಾಯ್ದೆಯ ಫಲಾನುಭವಿಗಳ ಸಂಖ್ಯೆಯನ್ನು 2011ರ ಜನಗಣತಿಯ ಮೇಲೆ ನಿಗದಿಪಡಿಸಿರುವುದರಿಂದ, ಆಮೇಲೆ ಮದುವೆಯಾಗಿ ಬೇರೆ ಸಂಸಾರ ಹೂಡಿದವರು ಹೊಸ ಕಾರ್ಡಿಗಾಗಿ ಬಹುಕಾಲ ಕಾಯುವುದನ್ನು ನೋಡಿ ನೊಂದಿದ್ದೇನೆ.

2023ರಲ್ಲಿ ಆರಂಭವಾದ ಗೃಹಲಕ್ಷ್ಮಿಯ ಕ್ರಮ ಇದಕ್ಕೆ ತದ್ವಿರುದ್ಧ. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಈ ಯೋಜನೆಯಲ್ಲಿ ಯಾರೂ ತಮ್ಮ ಬಡತನವನ್ನು ಸಾಬೀತು ಮಾಡಬೇಕಿಲ್ಲ. ಆಕೆ ಅಥವಾ ಆಕೆಯ ಗಂಡ ಆದಾಯ ತೆರಿಗೆ ಕಟ್ಟುವವರೋ ಜಿಎಸ್‌ಟಿ ರಿಟರ್ನ್ ಸಲ್ಲಿಸುವವರೋ ಆಗಿದ್ದರೆ ಮಾತ್ರ ಅನರ್ಹರು. ಆ ಮಾಹಿತಿ ಸರ್ಕಾರದ ಬಳಿಯೇ ಇರುತ್ತದೆ. ಸ್ವಲ್ಪ ಅನುಕೂಲಸ್ಥರಿಗೂ ಹಣ ಹೋಗುತ್ತದೆ ಎಂಬ ಆಕ್ಷೇಪ ನಿಜವೇ, ಆದರೆ ಒಬ್ಬ ವಿಧವೆಯ ಹಸಿವಿಗಿಂತ ಆ ಸೋರಿಕೆ ಸಣ್ಣದೆಂದು ನಾನು ಭಾವಿಸುತ್ತೇನೆ. ನನ್ನನ್ನು ಕಾಡುವ ಕೊರತೆ ಬೇರೆ: ಯಜಮಾನಿ ಯಾರೆಂಬುದು ಪಡಿತರ ಚೀಟಿಯಿಂದಲೇ ನಿರ್ಧಾರವಾಗುವುದರಿಂದ, ಚೀಟಿ ಸಿಗದವಳು ಇಲ್ಲಿಯೂ ಹೊರಗುಳಿಯುತ್ತಾಳೆ.

ಶಕ್ತಿ ಯೋಜನೆಯಲ್ಲಿ ಆದಾಯದ ಪ್ರಶ್ನೆಯೇ ಇಲ್ಲ. ಹೆಂಗಸರಿಗೆ ಕೊಡುವ ಉಚಿತ ಪ್ರಯಾಣ ರಾಜ್ಯದೊಳಗಿನ ಸಾಮಾನ್ಯ ಬಸ್ಸುಗಳಿಗೆ ಸೀಮಿತವಾಗಿರುವುದರಿಂದ, ಕಾರಿನಲ್ಲೋ ಐಷಾರಾಮಿ ಬಸ್ಸಿನಲ್ಲೋ ಹೋಗುವವರು ತಾವಾಗಿಯೇ ದೂರ ಉಳಿಯುತ್ತಾರೆ, ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳಿಗೆ ದಿನವೂ ದುಡ್ಡು ಉಳಿಯುತ್ತದೆ. ಬಸ್ಸೇ ಬಾರದ ಊರಿನವರಿಗೆ ಮಾತ್ರ ಇದರಿಂದ ಏನೂ ದಕ್ಕದು.

ಬಿಪಿಎಲ್ ಕಾರ್ಡಿನಿಂದ ಸಿಗುವ ಅಕ್ಕಿಯ ವಿಷಯದಲ್ಲಿ ಶಕ್ತಿಯಂಥ ಕ್ರಮ ಹೊಂದುವುದಿಲ್ಲ, ಗೃಹಲಕ್ಷ್ಮಿಯದು ಹೊಂದುತ್ತದೆ. ತೆರಿಗೆ ಕಟ್ಟುವವರು, ಸರ್ಕಾರಿ ನೌಕರರು ಮತ್ತು ಸ್ವಂತ ಕಾರು ಉಳ್ಳವರನ್ನು ಬಿಟ್ಟು, ಕೇಳಿದ ಉಳಿದವರಿಗೆಲ್ಲ ಕಾರ್ಡು ಕೊಡಬೇಕು. ಅನರ್ಹತೆಯನ್ನು ತೋರಿಸುವ ಹೊಣೆ ಇಲಾಖೆಯದಾಗಬೇಕು.