ಹಾಸನದ ಬಾಡಿಗೆ ಟೂರಿಂಗ್ ಕಿಟ್: ಮಲ್ಪೆ–ಮರವಂತೆ ದಾರಿಗೆ ಎಷ್ಟು ಲಾಯಕ್ಕು?

ಸೈಕಲ್, ಟೆಂಟು, ಕ್ಯಾರಿಯರ್‌ನ ಎರಡು ಬದಿಗೆ ನೇತುಹಾಕುವ ಎರಡು ಪ್ಯಾನಿಯರ್ ಬ್ಯಾಗು ಸೇರಿಸಿ ಬಾಡಿಗೆಗೆ ಕೊಡುವ ಹಾಸನದ ಅಂಗಡಿಯೊಂದರ ಕಿಟ್ ಇದು. ಕರಾವಳಿಯಲ್ಲಿ ಒಂದು ಹಗಲು, ಒಂದು ರಾತ್ರಿಗೆ ಧಾರಾಳ ಸಾಕು. ಆದರೆ ಕೊಟ್ಟ ಹಾಗೇ ಎತ್ತಿಕೊಂಡು ಹೊರಡಬೇಡಿ.

ಮೊದಲು ಕ್ಯಾರಿಯರ್. 25 ಕೆ.ಜಿ. ತಡೆಯುತ್ತದೆ ಎಂದು ಅಚ್ಚು ಹಾಕಿದ್ದಾರೆ, ನಿಜವಾಗಿ ಭಾರ ಹೊರುವುದು ಅದನ್ನು ಸೈಕಲ್ಲಿಗೆ ಹಿಡಿದಿಡುವ ಎಂ5 (5 ಎಂ.ಎಂ. ದಪ್ಪದ) ಬೋಲ್ಟುಗಳು. ಹೆದ್ದಾರಿ 66ರ ಅದುರಾಟಕ್ಕೆ ಕೆಳಗಿನೆರಡು ಸಡಿಲಾಗುತ್ತವೆ. ಬಿಚ್ಚಿ, ಬೋಲ್ಟಿನ ಸುರುಳಿ ಗೆರೆಗಳಿಗೆ ನೀಲಿ ಥ್ರೆಡ್‌ಲಾಕರ್ (ಬೋಲ್ಟು ಸಡಿಲಾಗದಂತೆ ಹಿಡಿಯುವ ಅಂಟು) ಒಂದು ಹನಿ ಹಾಕಿ, 4 ಎಂ.ಎಂ. ಅಲೆನ್ ಕೀಯಲ್ಲಿ ಬಿಗಿ ಮಾಡಿ. ಬ್ಯಾಗನ್ನು ತೀರಾ ಮುಂದಕ್ಕೆ ಸಿಕ್ಕಿಸಿದರೆ ಪೆಡಲ್ ತುಳಿಯುವಾಗ ಹಿಮ್ಮಡಿ ಬಡಿಯುತ್ತದೆ. ಬ್ಯಾಗು ಹಿಂದಕ್ಕೆ ಹೋಗುವಂತೆ ಕೊಕ್ಕೆಗಳನ್ನು ಸರಿಸಿ.

ಟೈರು 38 ಎಂ.ಎಂ., ಚೆನ್ನಾಗಿವೆ. ಹಿಂದೆ 60, ಮುಂದೆ 50 ಪಿಎಸ್‌ಐ ಗಾಳಿ ಸಾಕು.

ಕಿಟ್‌ನ ನಿಜವಾದ ಕೊರತೆ ಟೆಂಟಿನ ಗೂಟಗಳು. ತೆಳ್ಳಗಿನ ಅಲ್ಯೂಮಿನಿಯಂ ಕಡ್ಡಿ ಮಲೆನಾಡಿನ ಮಣ್ಣಿಗೆ ಸರಿ, ಕಡಲ ಮರಳಲ್ಲಿ ನಿಲ್ಲುವುದಿಲ್ಲ. ಬಟ್ಟೆ ಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ, ಒಂದಡಿ ಆಳದಲ್ಲಿ ಹೂತರೆ ಗಾಳಿಗೆ ಜಗ್ಗದು. ಉಬ್ಬರದ ಗೆರೆಯಿಂದ ಸಾಕಷ್ಟು ಮೇಲೆ, ಜಾಗದವರನ್ನು ಕೇಳಿಯೇ ಟೆಂಟು ಹಾಕಿ. ಬದಿಯ ಕಿಟಕಿ ಪೂರ್ತಿ ಮುಚ್ಚಿದರೆ ಬೆಳಗಾಗುವಷ್ಟರಲ್ಲಿ ಒಳಗೇ ಹನಿ ತೊಟ್ಟಿಕ್ಕುತ್ತದೆ.

ಚೈನಿಗೆ ಉಪ್ಪು ಹಿಡಿಯುತ್ತದೆ. ಸಂಜೆಯೇ ಸಿಹಿನೀರಲ್ಲಿ ತೊಳೆದು, ಒರೆಸಿ, ಎಣ್ಣೆ ಬಿಡಿ. ತುಕ್ಕು ಕಂಡರೆ ಠೇವಣಿಯಲ್ಲಿ ಕಳೆಯುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ.