ಸಿಇಟಿ ಆಪ್ಷನ್ ಎಂಟ್ರಿ: ಹಂಚಿಕೆ ಚೊಕ್ಕ, ಕಾಲೇಜಿನ ಮಾಹಿತಿ ಸಾಲದು

ಸಿಇಟಿ (ಸಾಮಾನ್ಯ ಪ್ರವೇಶ ಪರೀಕ್ಷೆ) ಬರೆದವರು ತಮಗೆ ಬೇಕಾದ ಕಾಲೇಜು, ಬ್ರಾಂಚುಗಳನ್ನು ಇಷ್ಟದ ಕ್ರಮದಲ್ಲಿ ಪಟ್ಟಿಮಾಡುವುದೇ ಆಪ್ಷನ್ ಎಂಟ್ರಿ. ಎಂಜಿನಿಯರಿಂಗ್ ಸೀಟಿಗಾಗಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಆನ್‌ಲೈನ್ ಆಪ್ಷನ್ ಎಂಟ್ರಿಯನ್ನು ಒಂದು ಸೇವೆಯಾಗಿ ತೂಗಿ ನೋಡಿದರೆ, ಹಂಚಿಕೆಯ ಕ್ರಮಕ್ಕೆ ಪೂರ್ತಿ ಅಂಕ ಕೊಡಬೇಕು. ಕಾಲೇಜು ಎಂಥದ್ದು ಎಂದು ತಿಳಿಸುವ ವಿಷಯದಲ್ಲಿ ಮಾತ್ರ ಅರ್ಧ ಅಂಕವೂ ಹೆಚ್ಚೇ.

ಕಂಪ್ಯೂಟರು ರ‍್ಯಾಂಕ್ ಪ್ರಕಾರ ಒಬ್ಬೊಬ್ಬರನ್ನೇ ತೆಗೆದುಕೊಂಡು, ಅವರ ಪಟ್ಟಿಯ ಮೊದಲ ಆಪ್ಷನ್‌ನಿಂದ ಕೆಳಗಿಳಿಯುತ್ತದೆ. ಎಲ್ಲಿ ಸೀಟು ಉಳಿದಿದೆಯೋ ಅಲ್ಲಿಗೇ ನಿಲ್ಲುತ್ತದೆ, ಅದರ ಕೆಳಗಿನದನ್ನು ನೋಡುವುದೇ ಇಲ್ಲ. ಹಾಗಾಗಿ ಸಿಗುವುದು ಕಷ್ಟ ಎನಿಸಿದ ಕಾಲೇಜನ್ನು ಮೇಲಿಟ್ಟರೆ ಕಳೆದುಕೊಳ್ಳುವುದು ಏನೂ ಇಲ್ಲ. ಹೆದರಿ ಬೇಡದ ಕಾಲೇಜನ್ನು ಮೇಲಿಟ್ಟರೆ ಅದೇ ಕೊರಳಿಗೆ ಬೀಳುತ್ತದೆ. 18,000 ರ‍್ಯಾಂಕ್ ಬಂದವರು ಹಿಂದಿನ ವರ್ಷ 12,000ಕ್ಕೆ ಸೀಟು ಮುಗಿದ ಕಾಲೇಜುಗಳಿಂದ ಶುರುಮಾಡಿ 40,000ದವರೆಗೂ ಇಳಿಯುವುದು ಕ್ಷೇಮ. ಹತ್ತು ಆಪ್ಷನ್‌ಗೇ ನಿಲ್ಲಿಸಿದವರು ಬರಿಗೈಯಲ್ಲಿ ಉಳಿಯುವುದುಂಟು. ಹಂಚಿಕೆಯ ಮುಂದಿನ ಸುತ್ತುಗಳಲ್ಲಿ, ಈಗಾಗಲೇ ಇರುವ ಆಪ್ಷನ್‌ಗಳನ್ನು ಹಿಂದೆಮುಂದೆ ಮಾಡಬಹುದು, ಅಳಿಸಬಹುದು. ಹೊಸದನ್ನು ಸೇರಿಸಲು ಸಾಮಾನ್ಯವಾಗಿ ಬಿಡುವುದಿಲ್ಲ.

ಕಟ್‌ಆಫ್ (ಸೀಟು ಸಿಕ್ಕ ಕೊನೆಯ ರ‍್ಯಾಂಕ್) ಪಿಡಿಎಫ್ ಓದುವಾಗಲೇ ಹೆಚ್ಚಿನವರು ಎಡವುವುದು. ಪ್ರತಿ ಕಾಲೇಜಿಗೂ ಒಂದು ಕೋಷ್ಟಕ. ಎಡಕ್ಕೆ ಬ್ರಾಂಚ್, ಮೇಲೆ ಸಾಲಾಗಿ 2ಎಜಿ, 2ಎಕೆ, 2ಎಆರ್, ಜಿಎಂ, ಜಿಎಂಕೆ, ಜಿಎಂಆರ್ ಇತ್ಯಾದಿ. '2ಎ' ಹಿಂದುಳಿದ ವರ್ಗಗಳ ಒಂದು ಪ್ರವರ್ಗ, 'ಜಿಎಂ' ಎಂದರೆ ಎಲ್ಲರಿಗೂ ತೆರೆದ ಸಾಮಾನ್ಯ ಅರ್ಹತೆಯ ಸೀಟು. ಕೊನೆಯ 'ಕೆ' ಎಂದರೆ ಕನ್ನಡ ಮಾಧ್ಯಮ, 'ಆರ್' ಎಂದರೆ ಗ್ರಾಮೀಣ. ಇವೆರಡಕ್ಕೂ ಒಂದರಿಂದ ಹತ್ತನೇ ತರಗತಿವರೆಗಿನ ಪೂರ್ತಿ ಹತ್ತು ವರ್ಷದ ವ್ಯಾಸಂಗ ಪ್ರಮಾಣಪತ್ರ ಬೇಕು. ಗ್ರಾಮೀಣ ಪ್ರಮಾಣಪತ್ರವಿರುವ 2ಎ ವಿದ್ಯಾರ್ಥಿ 2ಎಜಿ ಒಂದನ್ನೇ ನೋಡಿ ಕೈಬಿಡಬಾರದು. 2ಎಆರ್, ಜಿಎಂಆರ್, ಜಿಎಂ ಕಾಲಂಗಳನ್ನೂ ನೋಡಿ, ಅವುಗಳಲ್ಲಿ ಅತಿ ದೊಡ್ಡ ಸಂಖ್ಯೆಯನ್ನು ತನ್ನ ಮಿತಿ ಎಂದುಕೊಳ್ಳಬೇಕು. ಮೊದಲ ಸುತ್ತಿನ ಪಿಡಿಎಫ್ ಬೇರೆ, ಕೊನೆಯ ಸುತ್ತಿನದು ಬೇರೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಈ ಅಂಕಿಗಳು ಆಪ್ಷನ್ ತುಂಬುವ ಪುಟದಲ್ಲೇ ಆಯಾ ಕಾಲೇಜಿನ ಎದುರಿಗೆ ಕಾಣುವಂತಿದ್ದರೆ ಹಳ್ಳಿಯ ಮಕ್ಕಳಿಗೆ ಎಷ್ಟು ಉಪಕಾರವಾಗುತ್ತಿತ್ತು!

ಕಟ್‌ಆಫ್ ಹೇಳುವುದು ಬೇಡಿಕೆಯನ್ನು, ಪಾಠದ ಗುಣಮಟ್ಟವನ್ನಲ್ಲ. ಅದಕ್ಕೆ ಎನ್‌ಐಆರ್‌ಎಫ್‌ಗೆ (ಕೇಂದ್ರ ಸರ್ಕಾರ ಕಾಲೇಜುಗಳಿಗೆ ರ‍್ಯಾಂಕ್ ಕೊಡುವ ವ್ಯವಸ್ಥೆ) ಕಾಲೇಜು ಸಲ್ಲಿಸಿದ ಮಾಹಿತಿಯ ಪಿಡಿಎಫ್ ತೆಗೆಯಿರಿ. ರ‍್ಯಾಂಕ್ ಬಿಡಿ, ಒಳಗಿನ ಕೋಷ್ಟಕ ನೋಡಿ: ಸೇರಿದವರು, ನಿಗದಿತ ಅವಧಿಯಲ್ಲಿ ಮುಗಿಸಿದವರು, ಕೆಲಸ ಸಿಕ್ಕವರು, ಮೀಡಿಯನ್ (ಸಾಲಾಗಿ ಜೋಡಿಸಿದಾಗ ನಡುವೆ ಬರುವ) ಸಂಬಳ, ಮುಂದೆ ಓದಲು ಹೋದವರು. ಉದಾಹರಣೆಗೆ 600 ಜನ ಸೇರಿ, 480 ಜನ ಮುಗಿಸಿ, 300 ಜನಕ್ಕೆ ಕೆಲಸ ಸಿಕ್ಕಿದ್ದರೆ ಅದು ಸೇರಿದವರಲ್ಲಿ ಅರ್ಧ. ಅದೇ ಕಾಲೇಜಿನ ಜಾಹೀರಾತು ಪ್ಲೇಸ್‌ಮೆಂಟ್‌ಗೆ ಹೆಸರು ಕೊಟ್ಟವರನ್ನಷ್ಟೇ ಲೆಕ್ಕಕ್ಕೆ ಹಿಡಿದು ಶೇ 90 ಎನ್ನಬಹುದು. 'ಅತಿ ಹೆಚ್ಚಿನ ಪ್ಯಾಕೇಜ್' ಒಬ್ಬ ವಿದ್ಯಾರ್ಥಿಯ ಸಂಬಳ; ಅದನ್ನು ನೋಡಿ ಆಪ್ಷನ್ ಹಾಕಬೇಡಿ. ಈ ಕೋಷ್ಟಕ ಇಡೀ ಕಾಲೇಜಿನದು, ಬ್ರಾಂಚ್‌ವಾರು ಲೆಕ್ಕ ಅದರಲ್ಲಿ ಸಿಗದು. ಬ್ರಾಂಚಿನ ಮಟ್ಟಕ್ಕೆ ಎನ್‌ಬಿಎ (ರಾಷ್ಟ್ರೀಯ ಮಾನ್ಯತಾ ಮಂಡಳಿ) ಮಾನ್ಯತೆ ನೋಡಬೇಕು, ಏಕೆಂದರೆ ಇನ್ನೊಂದು ಮಾನ್ಯತೆಯಾದ ನ್ಯಾಕ್ ಇಡೀ ಸಂಸ್ಥೆಗೆ, ಎನ್‌ಬಿಎ ಒಂದೊಂದು ಕೋರ್ಸಿಗೆ. ಮಾನ್ಯತೆಯ ಅವಧಿ ಮುಗಿದಿಲ್ಲವೆಂದು ಖಚಿತಪಡಿಸಿಕೊಳ್ಳಿ.

ನಿಜವಾದ ಸುತ್ತಿಗೆ ಮೊದಲು ನಡೆಸುವ ಅಣಕು (ಮಾಕ್) ಸೀಟು ಹಂಚಿಕೆ ಈ ಸೇವೆಯ ಅತ್ಯುತ್ತಮ ಭಾಗ. ಫಲಿತಾಂಶ ನೋಡಿ ಪಟ್ಟಿ ತಿದ್ದಲು ಕಾಲಾವಕಾಶ ಕೊಡುತ್ತಾರೆ. ಅಣಕಿನಲ್ಲಿ ಮೂರನೇ ಆಪ್ಷನ್ ಸಿಕ್ಕಿತೆಂದು ಕೆಳಗಿನವನ್ನು ಅಳಿಸುವುದು ದೊಡ್ಡ ತಪ್ಪು. ಉಳಿದವರೂ ಪಟ್ಟಿ ತಿದ್ದುವುದರಿಂದ ನಿಜವಾದ ಸುತ್ತಿನಲ್ಲಿ ಆ ಸೀಟು ಕೈತಪ್ಪಬಹುದು.

ಸೀಟು ಸಿಕ್ಕ ಮೇಲೆ ಛಾಯ್ಸ್ 1 ಎಂದರೆ ಒಪ್ಪಿ ಸೇರುವುದು, ಛಾಯ್ಸ್ 2 ಇದನ್ನು ಇಟ್ಟುಕೊಂಡು ಮೇಲಿನ ಆಪ್ಷನ್‌ಗೆ ಕಾಯುವುದು, ಛಾಯ್ಸ್ 3 ಇದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, ಛಾಯ್ಸ್ 4 ಪೂರ್ತಿ ಹೊರಬರುವುದು. ಛಾಯ್ಸ್ 2ರಲ್ಲಿ ಮೇಲಿನದು ಸಿಕ್ಕರೆ ಹಳೆಯ ಸೀಟು ತಾನಾಗಿ ರದ್ದಾಗುತ್ತದೆ. ಆದ್ದರಿಂದ ಈಗಿನದಕ್ಕಿಂತ ನಿಜವಾಗಿ ಬೇಕಾದವನ್ನಷ್ಟೇ ಮೇಲೆ ಉಳಿಸಿ.

ಸೈಬರ್ ಸೆಂಟರಿನಲ್ಲಿ ಪಾಸ್‌ವರ್ಡ್, ಒಟಿಪಿ ಯಾರ ಕೈಗೂ ಕೊಡಬೇಡಿ. ಪಟ್ಟಿಯನ್ನು ಮೊದಲು ಹಾಳೆಯ ಮೇಲೆ ಬರೆದುಕೊಂಡು ಹೋಗಿ. ಸೇವ್ ಮಾಡಿ ಪ್ರಿಂಟ್ ತೆಗೆದ ಮೇಲೆ ಕಾಲೇಜು ಕೋಡ್, ಬ್ರಾಂಚ್ ಕೋಡ್ ಎರಡನ್ನೂ ಆ ಹಾಳೆಗೆ ಹೋಲಿಸಿ ಒಂದೊಂದೇ ಟಿಕ್ ಹಾಕಿ. ಕಂಪ್ಯೂಟರ್ ಸೈನ್ಸ್, ಅದರದೇ ಡೇಟಾ ಸೈನ್ಸ್, ಅದರದೇ ಎಐ: ಹೆಸರುಗಳು ಹತ್ತಿರ ಹತ್ತಿರ, ಕೋಡುಗಳು ಬೇರೆ ಬೇರೆ.